ಅನಸೂದೇ ಇಲ್ಲ

ಫ್ಯಾನು ನಿಲ್ಲಿಸಿದರು, ಮೇಣದಬತ್ತಿ ಆರಬಾರದೆಂದು ಇರಬೇಕು, ತಿರುಗುತ್ತಿದ್ದ ರೆಕ್ಕೆಗಳು ಸೋತು ಸೋತು ಒಂದೊಂದಾಗಿ ಕಣ್ಣಿಗೆ ಬಿದ್ದವು, ಈಗ ಸೆಕೆ ಕುತ್ತಿಗೆಗೆ ಇಳಿಯುತ್ತಿದೆ, ಮಾತು ನಿಂತಿದೆ, ಬೌದ್ಧಾಚಾರ್ಯರು ಬಿಳಿ ಅಂಗಿಯ ತೋಳು ಸರಿಮಾಡಿಕೊಂಡು ಕೆಮ್ಮಿದರು, ಬುದ್ಧನ ಮೂರ್ತಿ, ಪಕ್ಕದಲ್ಲಿ ಬಾಬಾಸಾಹೇಬರ ಫೋಟೊ, ಎರಡಕ್ಕೂ ಒಂದೇ ಅಳತೆಯ ಹಾರ, ಎಲ್ಲರೂ ಕೈ ಜೋಡಿಸಿದರು, ಎಲ್ಲರೂ ಅಂದರೆ ಎಲ್ಲರೂ, ಮುಂದೆ ಚಾಪೆಯ ಮೇಲೆ ಬಿಳಿ ಸೀರೆಯ ನನ್ನ ಮಗಳು ಮಾನ್ಯಾ, ಅವಳ ಬಲಕ್ಕೆ ಉತ್ಕರ್ಷ, ಈ ಮನೆಯ ಮಗ, ಇವತ್ತು ಇವರಿಬ್ಬರ ನಿಶ್ಚಿತಾರ್ಥ, ಅದಕ್ಕೇ ನಾವು ಬೆಳಿಗ್ಗೆ ನಾಶಿಕದಿಂದ ಹೊರಟು ಯೇವಲಾ ವೈಜಾಪುರ ದಾಟಿ ಸಂಭಾಜಿನಗರಕ್ಕೆ ಬಂದದ್ದು, ಸಿಡ್ಕೋ ಬಡಾವಣೆಯ ಈ ಎರಡು ಕೋಣೆಯ ಮನೆಯಲ್ಲಿ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತದ್ದು, ನನ್ನ ಗಂಡ ಅರವಿಂದ ಕೂಡ, ಅಂಗಿಯ ಒಳಗೆ ಜನಿವಾರ ಇರುವ ಅರವಿಂದ, ಕಣ್ಣು ಮುಚ್ಚಿ ಕೈ ಮುಗಿದಿದ್ದಾರೆ, ಏನೂ ತ್ರಾಸಿಲ್ಲ ಅವರಿಗೆ, ಕೈ ಮುಗಿಯದವಳು ನಾನೊಬ್ಬಳೇ, ಭಾನುಮತಿ, ನಾಸ್ತಿಕಳು, ಧರ್ಮ ಅಂತ ಒಂದು ಬೇಕೇ ಬೇಕಾದರೆ ಬುದ್ಧಿಗೆ ಒಪ್ಪುವಂಥದ್ದು ಬೌದ್ಧ ಧರ್ಮವೊಂದೇ ಎಂದು ಮಗಳ ತಲೆ ತಿಂದು ಬೆಳೆಸಿದವಳು, ಬೆನ್ನ ಹಿಂದೆ ಮಂಚದ ಮೇಲೆ ಉತ್ಕರ್ಷನ ಆಜಿ, ಅವನ ಅಜ್ಜಿ, ಕೂತಿದ್ದಾಳೆ, ಅವಳು ಕೈ ಮುಗಿದಿದ್ದಾಳೋ ನನ್ನ ಬೆನ್ನು ನೋಡುತ್ತಿದ್ದಾಳೋ, ತಿರುಗಿ ನೋಡುವ ಧೈರ್ಯ ನನಗಿಲ್ಲ, ಯಾಕೆಂದರೆ ಈಗಷ್ಟೇ ಅವಳು ನನ್ನನ್ನು ಒಂದು ಪ್ರಶ್ನೆ ಕೇಳಿದಳು, ನಾನು ಉತ್ತರ ಕೊಡುವ ಮೊದಲೇ ಫ್ಯಾನು ನಿಂತಿತು.

ಸರಣಂ ಗಚ್ಛಾಮಿ, ಎಲ್ಲರ ದನಿ ಒಟ್ಟಿಗೆ ಏಳುತ್ತದೆ, ಮಾನ್ಯಾಳ ದನಿಯೂ ಇದೆ, ಕಲಿತಿದ್ದಾಳೆ ಹುಡುಗಿ, ನಾನು ಅಂದದ್ದಾದರೂ ಏನು, ಎಷ್ಟು ಮಾತು ಅದು, ಬೆರಳಲ್ಲಿ ಎಣಿಸುವಷ್ಟು, ಎಷ್ಟು ಸ್ವಚ್ಛ ಇಟ್ಟಾರ ನೋಡ್ರಿ ಮನಿ, ಅನಸೂದೇ ಇಲ್ಲ, ಇಷ್ಟೇ, ಗಂಡನ ಕಿವಿಗೆ, ಕನ್ನಡದಲ್ಲಿ, ನಾವು ಈ ಸೀಮೆಗೆ ಬಂದಾಗಿನಿಂದ ಕನ್ನಡ ನಮಗೆ ಕದ ಹಾಕಿಕೊಳ್ಳುವ ಕೋಣೆ ಇದ್ದ ಹಾಗೆ, ಜಳಗಾಂವ್, ಪುಣೆ, ನಾಶಿಕ, ಬ್ಯಾಂಕಿನವರು ಅರವಿಂದರನ್ನು ಎಲ್ಲಿಗೆ ಅಟ್ಟಿದರೂ ನಾನೂ ವರ್ಗ ಮಾಡಿಸಿಕೊಂಡು ಹಿಂದೆಯೇ, ಮಾರ್ಕೆಟ್ಟಿನಲ್ಲಿ ತರಕಾರಿಯವನ ಎದುರಿಗೇ ಇವನು ಟೊಪ್ಪಿಗಿ ಹಾಕ್ತಾನ ನಡೀರಿ ಅನ್ನುವುದು, ಬಂದ ಅತಿಥಿಯ ಎದುರಿಗೇ ಇವರು ಎದ್ದು ಹೋಗೂ ಲಕ್ಷಣ ಕಾಣೂದಿಲ್ಲ ಅನ್ನುವುದು, ಮುಖದಲ್ಲಿ ನಗು, ಬಾಯಲ್ಲಿ ಕನ್ನಡ, ಯಾರಿಗೂ ತಿಳಿಯುವುದಿಲ್ಲ, ಆ ಚಟವೇ ಇವತ್ತು ಕೈ ಕೊಟ್ಟಿತು. ಅದಕ್ಕೂ ಮೊದಲು ನೀರು, ಉತ್ಕರ್ಷನ ತಾಯಿ ಪಂಚಶೀಲಾತಾಯಿ ಟ್ರೇದಲ್ಲಿ ನೀರು ತಂದರು, ನಾನು ಅರವಿಂದರಿಗಿಂತ ಮೊದಲೇ ಎತ್ತಿಕೊಂಡೆ, ಗಟಗಟ ಕುಡಿದೆ, ಕುಡಿಯುವಾಗ ನನ್ನನ್ನು ನಾನೇ ನೋಡಿಕೊಂಡೆ, ಭೇಷ್ ಅಂದುಕೊಂಡೆ, ನೀರು ಕುಡಿದದ್ದಕ್ಕೆ ಯಾರಾದರೂ ತಮಗೆ ತಾವೇ ಭೇಷ್ ಅಂದುಕೊಳ್ಳುತ್ತಾರೆಯೇ, ಅರವಿಂದ ಬಾಯಾರಿ ಕುಡಿದರು, ನಾನು ಪರೀಕ್ಷೆ ಬರೆದಂತೆ ಕುಡಿದೆ, ಪಾಸಾದ ಖುಷಿಯಲ್ಲಿ ಗೋಡೆ ನೋಡಿದೆ, ಕಿಟಕಿಯ ಸರಳು ನೋಡಿದೆ, ನೆಲದ ಫರಸಿಯ ಸಂದು ಕೂಡ ನೋಡಿದೆ, ಆಮೇಲೆ ಆ ಮಾತು ಬಂತು, ತಾನಾಗಿ ಬಂತು, ಹೊಗಳಿಕೆ ಅಂದುಕೊಂಡೇ ಆಡಿದೆ. ಮಂಚದ ಮೇಲಿನ ಮುದುಕಿ, ಅಷ್ಟೊತ್ತೂ ಯಾರೊಡನೆಯೂ ಮಾತಾಡದೆ ಕಾಲು ನೀವಿಕೊಳ್ಳುತ್ತಿದ್ದವಳು, ಕೈ ನಿಲ್ಲಿಸಿ ನನ್ನ ಕಡೆ ಬಾಗಿ, ಏನ್ ಅನಸಂಗಿಲ್ರೀ ಯವ್ವಾ, ಅಂದಳು. ಕಲಬುರಗಿ ಕಡೆಯ ಕನ್ನಡ, ಸಿಟ್ಟಿಲ್ಲ, ಕೊಂಕಿಲ್ಲ, ಅರ್ಧಕ್ಕೆ ಬಿಟ್ಟ ಮಾತಿನ ಉಳಿದರ್ಧ ಕೇಳುವವರ ದನಿ, ನನ್ನ ಕೈಯಲ್ಲಿ ಖಾಲಿ ಗ್ಲಾಸು ಹಾಗೇ ಇತ್ತು.

ಮಾನ್ಯಾ ಹೇಳಿದ್ದಳು, ಆಜಿ ಆಳಂದದವರು ಎಂದು ಹೇಳಿಯೇ ಇದ್ದಳು, ನಾನು ಆಳಂದಿ ಅಂದುಕೊಂಡೆ, ಪುಣೆಯ ಹತ್ತಿರದ ಆಳಂದಿ, ವಾರಕರಿಗಳ ಆಳಂದಿ, ಹುಡುಗಿ ಮರಾಠಿ ಶಾಲೆಯಲ್ಲಿ ಬೆಳೆದವಳು, ಯಾವ ಊರನ್ನು ಹೇಗೆ ಅನ್ನುತ್ತಾಳೋ ಎಂದು ಕಿವಿಗೇ ಹಾಕಿಕೊಳ್ಳಲಿಲ್ಲ, ನಮ್ಮ ಕಲಬುರಗಿ ಜಿಲ್ಲೆಯ ಆಳಂದ ತಲೆಗೇ ಹೊಳೆಯಲಿಲ್ಲ, ಹೊಳೆಯುವುದಾದರೂ ಹೇಗೆ, ಬೀಗರ ಮನೆಯ ಮುದುಕಿಯ ತವರು ಯಾವುದಾದರೆ ನನಗೇನು ಎಂಬ ಉಡಾಫೆ, ಬೌದ್ಧಾಚಾರ್ಯರು ಈಗ ಹಿರಿಯರ ಹೆಸರು ಹೇಳುವಾಗ ತಿಳಿಯಿತು, ಮಲಕವ್ವ, ಮೊದಲೇ ಹೆಸರು ಕೇಳಿದ್ದರೂ ಸಾಕಿತ್ತು, ಮಲಕವ್ವ ಎಂಬ ಹೆಸರಿನವಳಿಗೆ ಕನ್ನಡ ಬರದೆ ಇರುತ್ತದೆಯೇ, ಕೇಳಲಿಲ್ಲ, ಒಂದೂ ಕೇಳಲಿಲ್ಲ, ಹುಡುಗನ ಸಂಬಳ ಕೇಳಿದೆ, ಶೇಂದ್ರಾದ ಕಾರ್ಖಾನೆಯಲ್ಲಿ ಅವನ ಹುದ್ದೆ ಏನು ಕೇಳಿದೆ, ಅಜ್ಜಿಯ ಹೆಸರು ಕೇಳಲಿಲ್ಲ.

ದುತಿಯಂಪಿ, ಎರಡನೆಯ ಸಲ ಶುರುವಾಯಿತು, ಅದೇ ಸಾಲುಗಳು, ಇದೆಲ್ಲ ನನಗೆ ಗೊತ್ತು, ಅರ್ಥ ಬಿಡಿಸಿ ಹೇಳಬಲ್ಲೆ, ಆಫೀಸಿನ ಊಟದ ಬಿಡುವಿನಲ್ಲಿ ಎಷ್ಟು ಸಲ ಹೇಳಿಲ್ಲ, ನೋಡ್ರಿ, ಸೃಷ್ಟಿ ಮಾಡಿದವನು ಅಂತ ಯಾರೂ ಇಲ್ಲ ಇಲ್ಲಿ, ಬುದ್ಧ ನಂಬು ಅನ್ನುವುದಿಲ್ಲ, ಬಂದು ನೋಡು ಅನ್ನುತ್ತಾನೆ, ದುಃಖ ಇದೆ, ದುಃಖಕ್ಕೆ ಕಾರಣ ಇದೆ, ಡಾಕ್ಟರು ರೋಗ ಹಿಡಿದ ಹಾಗೆ, ನಾಸ್ತಿಕರಿಗೆ ತಲೆಯ ಮೇಲೊಂದು ಸೂರು ಬೇಕಿದ್ದರೆ ಇದೊಂದೇ, ಹಾಗಾದರೆ ಪುನರ್ಜನ್ಮ ಏನು ಮೇಡಂ ಎಂದು ಯಾರಾದರೂ ಕೇಳಿದರೆ ಅದು ಆಮೇಲಿನವರು ಸೇರಿಸಿದ್ದು ಎಂದು ತೇಲಿಸಿಬಿಡುತ್ತಿದ್ದೆ, ಬೆಂಡೆಕಾಯಿ ತುದಿ ಮುರಿದು ಎಳೆಯದನ್ನಷ್ಟೇ ಆರಿಸಿಕೊಂಡ ಹಾಗೆ, ಊರಿಂದ ಯಾರು ಬಂದರೂ ಪಾಂಡವಲೇಣಿಗೆ ಕರೆದೊಯ್ದು, ಪಾಂಡವರದೂ ಅಲ್ಲ ಎಂಥದೂ ಅಲ್ಲ, ಇವು ಬೌದ್ಧರ ಗುಹೆಗಳು ಎಂದು ತಿದ್ದುವುದು, ತಿದ್ದುವಾಗ ಎಂಥ ಬಿಂಕ ನನ್ನ ದನಿಯಲ್ಲಿ, ಮನೆಯ ಹಾಲಿನಲ್ಲಿ ಬುದ್ಧನ ತಲೆ, ಬರೀ ತಲೆ, ದಿಂಡೋರಿ ಕಡೆಯ ವೈನರಿಯ ಅಂಗಡಿಯಿಂದ ತಂದದ್ದು, ಮದ್ಯ ಕುಡಿಯಬೇಡ ಅಂದವನ ತಲೆಯನ್ನು ದ್ರಾಕ್ಷಾರಸದ ಬಾಟಲಿಗಳ ಮಧ್ಯದಿಂದ ಎತ್ತಿಕೊಂಡು ಬಂದವಳು ನಾನು, ಮತ್ತು ಇಷ್ಟೆಲ್ಲ ಬುದ್ಧನನ್ನು ಮಾತಾಡಿದ ವರ್ಷಗಳಲ್ಲಿ ಅದೇ ಆಫೀಸಿನಲ್ಲಿ ಇಬ್ಬರು ಮೂವರು ದಿನಾ ಬೆಳಿಗ್ಗೆ ಒಬ್ಬರಿಗೊಬ್ಬರು ಜಯ ಭೀಮ್ ಅನ್ನುತ್ತಿದ್ದರು, ನನಗೂ ಒಮ್ಮೆ ಅಂದರು, ನಾನು ನಕ್ಕು ನಮಸ್ಕಾರ್ ಅಂದೆ, ಅವರೊಡನೆ ಕೂತು ಬುದ್ಧನ ವಿಷಯ ಒಂದು ದಿನವೂ ಮಾತಾಡಲಿಲ್ಲ, ಅವರು ಬೌದ್ಧರು ಎಂದು ಗೊತ್ತಿರಲಿಲ್ಲವೇ, ಗೊತ್ತಿತ್ತು, ಚೆನ್ನಾಗಿ ಗೊತ್ತಿತ್ತು, ಅದಕ್ಕೇ ಮಾತಾಡಲಿಲ್ಲ.

ಹಾಗೇ ಅಲ್ಲವೇ ಮಾನ್ಯಾ ಉತ್ಕರ್ಷನ ವಿಷಯ ಬಂದು ಹೇಳಿದ ದಿನವೂ, ತಾನೂ ಕೆಲಸ ಮಾಡುವ ಶೇಂದ್ರಾದಿಂದ ರಜಕ್ಕೆ ಬಂದವಳು ಚಪ್ಪಲಿ ಬಿಡುತ್ತಲೇ, ಮಮ್ಮಾ, ತೋ ಬುದ್ಧಿಸ್ಟ್ ಇದ್ದಾನ, ನಿನಗ ಭಾಳ ಖುಷೀ ಆಗ್ತದ ನೋಡು, ಅಂದಳು, ಎಷ್ಟು ನಂಬಿಕೆ ಅವಳ ಮುಖದಲ್ಲಿ, ಬಹುಮಾನ ಗೆದ್ದು ತಂದವಳ ಹಾಗೆ, ಮತ್ತು ನನ್ನ ಬಾಯಿಂದ ಬಂದ ಮೊದಲ ಮಾತು, ಎಂಥಾ ಬುದ್ಧಿಸ್ಟ್. ಎಂಥಾ ಅಂದ್ರ, ಅಂದಳು ಅವಳು. ಅಲ್ಲ, ಅದರಾಗ ಥರಾವರಿ ಇರ್ತಾವಲ್ಲ, ಟಿಬೆಟ್ಟಿನವರು, ಜಪಾನದವರು, ಎಂದು ನಾನು, ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು, ಮಮ್ಮಾ, ಸಂಭಾಜಿನಗರದವರು, ಅವಳಿಗೆ ಅದು ತಮಾಷೆ, ತಾಯಿ ತಮಾಷೆ ಮಾಡುತ್ತಿದ್ದಾಳೆ ಎಂದೇ ತಿಳಿದಳು, ನಾನೂ ನಕ್ಕೆ, ಅಡುಗೆಮನೆಗೆ ಹೋಗಿ ಒಲೆಯ ಮೇಲೆ ಏನೂ ಇಲ್ಲದಿದ್ದರೂ ಸೌಟು ಹಿಡಿದು ನಿಂತೆ. ಅರವಿಂದರಿಂದ ಅಡ್ಡಿ ಬರುತ್ತದೆ ಎಂದುಕೊಂಡೆ, ಬರಲಿ ಎಂದು ಒಳಗೊಳಗೇ ಬಯಸಿದೆನೇ, ಹೌದು, ಬಯಸಿದೆ, ಅವರು ಅಡ್ಡ ನಿಂತರೆ ನಾನು ಮಗಳ ಪರ ವಾದಿಸಿ ದೊಡ್ಡವಳಾಗಬಹುದಿತ್ತು, ಆದರೆ ಸಂಧ್ಯಾವಂದನೆ ಮುಗಿಸಿ ಬಂದ ಮನುಷ್ಯ ಕೇಳಿದ್ದು ಎರಡೇ ಮಾತು, ಹುಡುಗ ಏನು ಓದಿದ್ದಾನೆ, ಕುಡಿಯುತ್ತಾನೇನು, ಅಷ್ಟಕ್ಕೆ ಮುಗಿಯಿತು, ಮೂವತ್ತು ವರ್ಷ ನಾನು ಚೇಷ್ಟೆ ಮಾಡಿದ ಆ ಪಂಚಪಾತ್ರೆಯ ಮನುಷ್ಯ ಈಗ ಪಕ್ಕದಲ್ಲಿ ಕಣ್ಣು ಮುಚ್ಚಿ ತುಟಿ ಆಡಿಸುತ್ತಿದ್ದಾರೆ, ಗಚ್ಛಾಮಿ ಎಂಬಲ್ಲಿ ಸ್ವಲ್ಪ ತಡವಾಗಿ ಸೇರುತ್ತಾರೆ.

ತತಿಯಂಪಿ, ಮೂರನೆಯ ಸಲ. ನಾಶಿಕಕ್ಕೆ ಊಟಕ್ಕೆ ಬಂದಿದ್ದಾಗ ಉತ್ಕರ್ಷನಿಗೂ ಅದೇ ಪುರಾಣ ಊದಿದೆ, ನಾನೂ ಒಂದು ಥರಾ ಬೌದ್ಧಳೇ ಅಂದೆ, ಎಂಥ ಬಾಯಿ ನನ್ನದು, ಅವನು ಚಪಾತಿ ಮುರಿಯುತ್ತಾ ಕೇಳಿಸಿಕೊಂಡ, ಕಾಕೂ, ನಾನೂ ನಾಸ್ತಿಕನೇ ಅಂದ, ನಿಮಗೆ ಬೌದ್ಧ ಧರ್ಮ ಹಿಡಿಸಿತು, ನಮ್ಮ ಆಜಿಗೆ ಅದು ಬೇಕಾಗಿತ್ತು, ಎರಡೂ ಬೇರೆ ಅಂದ, ಮೆತ್ತಗೇ ಅಂದ, ಆಮೇಲೆ ಆಜಿಯ ಕಥೆ ಹೇಳಿದ, ಮದುವೆಯಾಗಿ ಬಂದ ಹೊಸತರಲ್ಲಿ ಬೌದ್ಧ ದೀಕ್ಷೆ ತೆಗೆದುಕೊಂಡು ಮನೆಯ ದೇವರನ್ನೆಲ್ಲ ಬುಟ್ಟಿಗೆ ಹಾಕಿ ತಲೆಯ ಮೇಲೆ ಹೊತ್ತು ಹಳ್ಳಕ್ಕೆ ಬಿಟ್ಟು ಬಂದವಳು ಅವಳೇ, ಅತ್ತೆ ಅಳುತ್ತಾ ಹಿಂದೆ ಬರುತ್ತಿದ್ದಳಂತೆ, ಅದರ ಮುಂದಿನ ವಾರ ಕೂಸಿಗೆ ಜ್ವರ, ದೇವಿ ಮುನಿದಳು, ಹೋಗಿ ಹುಡುಕಿ ತಾ ಎಂದು ಓಣಿಯೆಲ್ಲ ಅಂದಿತಂತೆ, ಅವಳಿಗೂ ಹೆದರಿಕೆಯಂತೆ, ಆದರೂ ಹೋಗಲಿಲ್ಲ, ಕೂಸನ್ನು ಎತ್ತಿಕೊಂಡು ದವಾಖಾನೆಗೆ ಓಡಿದಳು. ನಾನು ಕೇಳಿ, ವಾ, ಎಂಥಾ ವೈಚಾರಿಕತೆ, ಅಂದೆ, ಇನ್ನೊಂದು ಚಪಾತಿ ಹಾಕಿದೆ. ನಾನು ದೇವರನ್ನು ಬಿಟ್ಟದ್ದು ಹೇಗೆ, ಧಾರವಾಡದಲ್ಲಿ ಕಾಲೇಜಿಗೆ ಹೋಗುವಾಗ ಇನ್ನು ಮೇಲೆ ನಮಸ್ಕಾರ ಮಾಡುವುದಿಲ್ಲ ಎಂದು ಸಾರಿದೆ, ಅಪ್ಪ ನಕ್ಕರು, ಭಾನು ಭಾಳ ಶಾಣ್ಯಾ ಆದಳು ಅಂದರು, ಅಮ್ಮ ಎಂದಿನಂತೆ ಮೊದಲು ನನಗೇ ತುಪ್ಪ ಬಡಿಸಿದಳು, ಅಷ್ಟೇ, ಒಂದು ಹಬ್ಬದ ಹೋಳಿಗೆ ತಪ್ಪಲಿಲ್ಲ, ಬಾಡಿಗೆ ಮನೆ ಹುಡುಕುವಾಗ ಆಡನಾವು, ಮನೆತನದ ಹೆಸರು, ಕೇಳಿದವರಿಗೆ ಆಡನಾವು ಹೇಳಿದೆ, ಮುಖ ಅರಳಿಸಿ ಕೀಲಿಕೈ ಕೊಟ್ಟರು, ನಾನು ದೇವರನ್ನು ನಂಬುವುದಿಲ್ಲ ಎಂದು ಆಗ ಯಾಕೆ ಹೇಳಲಿಲ್ಲವೋ, ಕೀಲಿಕೈ ಇಸಿದುಕೊಂಡೆ.

ಈಗ ಪಂಚಶೀಲ, ಐದು ಮಾತು, ಕೊಲ್ಲುವುದಿಲ್ಲ, ಕದಿಯುವುದಿಲ್ಲ, ಒಂದರಲ್ಲೂ ದೇವರಿಲ್ಲ, ಹಾಗಾದರೆ ಕೈ ಯಾಕೆ ಮಡಿಲಲ್ಲೇ ಕೂತಿವೆ, ತತ್ವ, ಮೂರ್ತಿಯ ಮುಂದೆ ಕೈ ಮುಗಿಯುವುದಿಲ್ಲ ಎಂಬ ತತ್ವ, ಸುಳ್ಳಿ, ಮೊನ್ನೆ ಚೈತ್ರಗೌರಿಗೆ ಪಕ್ಕದ ಮನೆಯವರು ಕರೆದಾಗ ಹೋಗಿ ಅರಿಶಿನ ಕುಂಕುಮ ಇಡಿಸಿಕೊಂಡು ಉಡಿ ತುಂಬಿಸಿಕೊಂಡು ಗೌರಿಗೆ ಕೈ ಮುಗಿದು ಮಾವಿನಕಾಯಿಯ ಪನ್ಹೆ ಕುಡಿದು ಬರಲಿಲ್ಲವೇ, ಪಾಪ ಅವರ ಮನಸ್ಸು ನೋಯಬಾರದು ಎಂದೆ, ತ್ರ್ಯಂಬಕದಲ್ಲಿ ಮೈದುನನ ಜೊತೆ ಸಾಲಿನಲ್ಲಿ ನಿಂತು ತೀರ್ಥ ತೆಗೆದುಕೊಳ್ಳಲಿಲ್ಲವೇ, ಅಲ್ಲೆಲ್ಲ ನನ್ನ ತತ್ವ ಬೆಣ್ಣೆಯಂತೆ ಕರಗಿತು, ಈ ಮನೆಯ ಹೊಸ್ತಿಲು ದಾಟಿದ ಮೇಲೆಯೇ ಅದಕ್ಕೆ ಬೆನ್ನೆಲುಬು ಬಂದದ್ದು, ಇವರ ಮನಸ್ಸು ನೋಯಬಹುದು ಎಂದು ಒಮ್ಮೆಯೂ ಹೊಳೆಯಲಿಲ್ಲ, ಥೂ. ಮಾನ್ಯಾ ತಿರುಗಿದಳು, ಮಮ್ಮಾ, ಹಾತ್ ಜೋಡ್ ನಾ, ಎಂದು ತುಟಿಯಲ್ಲಷ್ಟೇ, ಅವಳಿಗೆ ಕೇಳಿಸಿದೆಯೇ, ನಾನು ಆ ಮಾತು ಅಂದಾಗ ಅವಳು ಬಾಗಿಲ ಹತ್ತಿರ ಸೀರೆಗೆ ಪಿನ್ನು ಚುಚ್ಚಿಸಿಕೊಳ್ಳುತ್ತಿದ್ದಳು, ಕನ್ನಡ ಆಡಲು ತಡವರಿಸುತ್ತಾಳೆ ನಿಜ, ಕೇಳಿದರೆ ಒಂದಕ್ಷರ ಬಿಡುವುದಿಲ್ಲ, ಕೇಳಿಸಿದ್ದರೆ ಈ ಮುಖ ಹೀಗೆ ಇರುತ್ತಿತ್ತೇ, ಈಗ ಕೈ ಮುಗಿದುಬಿಡಲೇ, ಬೇಡ, ಈಗ ಮುಗಿದರೆ ಅದು ಹಿಂದೆ ಕೂತ ಮುದುಕಿಗೆ ಕೊಟ್ಟ ಲಂಚ, ಅವಳಿಗೆ ಅದೂ ತಿಳಿಯುತ್ತದೆ.

ಮುಸಾವಾದಾ, ನಾಲ್ಕನೆಯದು, ಸುಳ್ಳಾಡುವುದಿಲ್ಲ, ಎಲ್ಲರೂ ಅನ್ನುತ್ತಿದ್ದಾರೆ, ನಾನು ಇದೇ ಹೊತ್ತಿನಲ್ಲಿ ಸುಳ್ಳು ಹೊಸೆಯುತ್ತಿದ್ದೇನೆ, ಏನು ಅನಿಸುವುದಿಲ್ಲ ಎಂದು ಮತ್ತೆ ಕೇಳಿದರೆ ಏನು ಹೇಳಲಿ, ಇಷ್ಟು ಧೂಳಿನ ರಸ್ತೆಯ ಪಕ್ಕದ ಮನೆ ಅಂತ ಅನಸೂದೇ ಇಲ್ಲ ಅಂದೆ ಆಜಿ, ಹೀಗನ್ನಬಹುದು, ಕಾರ್ಯದ ಮನೆ ಅಂತ ಅನಸೂದೇ ಇಲ್ಲ, ಗದ್ದಲ ಇಲ್ಲ, ಪಸಾರ ಇಲ್ಲ, ಇದು ಇನ್ನೂ ಚೆನ್ನಾಗಿದೆ, ಎರಡನ್ನೂ ನಾಲಿಗೆಯ ಮೇಲಿಟ್ಟು ರುಚಿ ನೋಡಿದೆ, ಎರಡೂ ನಡೆಯುತ್ತವೆ, ಮತ್ತು ಆ ಇನ್ನೊಂದು ಶಬ್ದ, ನಿಜವಾಗಿ ಅಲ್ಲಿ ಬರಬೇಕಾಗಿದ್ದ ಶಬ್ದ, ಧಾರವಾಡದ ಮನೆಯ ಹಿತ್ತಿಲಲ್ಲಿ ಅಜ್ಜಿ ದಿನಾ ಅನ್ನುತ್ತಿದ್ದ ಜಾತಿಯ ಶಬ್ದ, ಅದನ್ನು ನಾನು ಬಾಯಲ್ಲಿ ಆಡಿದವಳೇ ಅಲ್ಲ, ಯಾರಾದರೂ ಆಡಿದರೆ ಎದ್ದು ಜಗಳ ಮಾಡಿದವಳು, ನಮ್ಮಂಥವರು ಆ ಶಬ್ದ ಆಡುವುದಿಲ್ಲ, ಅದರ ಹಿಂದಿನದನ್ನೂ ಮುಂದಿನದನ್ನೂ ಆಡಿ ನಡುವೆ ಅದಕ್ಕೆ ಜಾಗ ಬಿಡುತ್ತೇವೆ, ಕೇಳುವವರೂ ನಮ್ಮವರೇ ಆದ್ದರಿಂದ ತುಂಬಿಕೊಳ್ಳುತ್ತಾರೆ, ಆಜಿ ಕೇಳಿದ್ದು ಅದನ್ನೇ, ಆ ಜಾಗದಲ್ಲಿ ಏನಿದೆ ತೋರಿಸು ಎಂದು. ಅವಳು ಬಾಯಿ ಬಿಟ್ಟರೆ ಮುಗಿಯಿತು, ಈ ಚಾಪೆ, ಈ ಬಿಳಿ ಸೀರೆ, ನನ್ನ ಮಗಳ ಮದುವೆ, ಮದುವೆಯಾದರೂ ಹೇಗೋ ಉಳಿದೀತು, ಆ ಹುಡುಗ ಬಿಡುವವನಲ್ಲ, ಆದರೆ ನನ್ನ ತಾಯಿ ಹೀಗಲ್ಲ ಎಂದು ಅವನ ಮುಂದೆ ಹೆಮ್ಮೆಪಟ್ಟುಕೊಂಡ ನನ್ನ ಮಾನ್ಯಾ ಮತ್ತೆ ನನ್ನ ಮುಖ ಹೇಗೆ ನೋಡುತ್ತಾಳೆ, ನಾಚಿಕೆಯಾಗುತ್ತಿದೆ, ಕಿವಿ ಸುಡುತ್ತಿದೆ, ಮೇಣದಬತ್ತಿ ಒಂದು ಕಡೆಗೆ ವಾಲಿ ಉರಿಯುತ್ತಿದೆ.

ಸಾಧು, ಸಾಧು, ಸಾಧು. ಮುಗಿಯಿತು, ಫ್ಯಾನು ಹಾಕಿದರು, ಎಲ್ಲರೂ ಕಾಲು ಸಡಿಲಿಸುತ್ತಿದ್ದಾರೆ, ಉಂಗುರ ತೊಡಿಸಿದರು, ಚಪ್ಪಾಳೆ, ಅರವಿಂದ ಕಣ್ಣೊರೆಸಿಕೊಂಡರು, ಪಂಚಶೀಲಾತಾಯಿ ಪೇಡೆಯ ಡಬ್ಬಿ ಹಿಡಿದು ನನ್ನ ಕಡೆಗೇ ಬರುತ್ತಿದ್ದಾರೆ, ವಿಹೀಣಬಾಯಿ ಎಂದು ಕರೆಯುತ್ತಾ, ಬೀಗಿತ್ತಿ ಎಂದು, ಆಗಲೇ ನೀವು ಆಜಿಯ ಜೊತೆ ಕಾನಡಿಯಲ್ಲಿ ಮಾತಾಡಿದಿರಲ್ಲ, ಪಾಪ ಅವಳಿಗೆ ಇಲ್ಲಿ ಆ ಭಾಷೆ ಆಡಲು ಯಾರೂ ಇಲ್ಲ, ಎಷ್ಟು ವರ್ಷವಾಯಿತೋ, ಎನ್ನುತ್ತಾ ನನ್ನ ಹೆಗಲ ಮೇಲಿಂದ ಮಂಚದ ಕಡೆ ನೋಡಿ, ಆಜಿ, ಕಾಯ ಮ್ಹಣಾಲ್ಯಾ, ಏನಂದರು ಇವರು, ಎಂದು ಕೇಳಿದರು. ಮಾನ್ಯಾ ತಿರುಗಿದಳು, ಉತ್ಕರ್ಷ ತಿರುಗಿದ, ಈಗ ನಾನೂ ತಿರುಗಲೇಬೇಕು, ತಿರುಗಿದೆ, ಆಜಿ ನನ್ನನ್ನೇ ನೋಡುತ್ತಿದ್ದಾಳೆ, ನಾನೇ ಹೇಳಲಿ ಎಂದು ಕಾಯುತ್ತಿದ್ದಾಳೆ, ಕಾದಳು, ನನ್ನ ಬಾಯಲ್ಲಿ ಧೂಳಿನ ರಸ್ತೆಯೂ ಬರಲಿಲ್ಲ, ಕಾರ್ಯದ ಮನೆಯೂ ಬರಲಿಲ್ಲ, ಕಡೆಗೆ ಅವಳೇ ಮರಾಠಿಯಲ್ಲಿ ಅಂದಳು, ಮನೆ ಬಹಳ ಸ್ವಚ್ಛ ಇದೆ ಅಂದರು. ಅಷ್ಟೇ. ಆಮೇಲೆ ನನಗೊಬ್ಬಳಿಗೇ ಕೇಳುವಂತೆ, ಅರ್ಧಾ ನಾ ಹೇಳೀನ್ರೀ ಯವ್ವಾ, ಉಳದಿದ್ದು ನೀವ ಹೇಳ್ರಿ.

ಪಂಚಶೀಲಾತಾಯಿಯ ಮುಖ, ಅಯ್ಯೋ ಆ ಮುಖ ಅರಳಿದ ಬಗೆ, ಖರೇನೇ ಅಂದರಾ, ಎಂದು ಎಲ್ಲರ ಕಡೆ ತಿರುಗಿ, ಕೇಳಿದಿರಾ ಎಂದು, ಹೋದ ವಾರದಿಂದ ಯಾರನ್ನೂ ಕೂರಗೊಟ್ಟಿಲ್ಲ ನಾನು, ಗೋಡೆ ತೊಳೆದೆ, ಕಪಾಟು ಸರಿಸಿ ಹಿಂದೆಲ್ಲ ತಿಕ್ಕಿದೆ, ಇವತ್ತು ಬೆಳಿಗ್ಗೆ ಮತ್ತೊಮ್ಮೆ ಫರಸಿಗೆ ಬ್ಲೀಚಿಂಗ್ ಹಾಕಿದೆ, ಮಕ್ಕಳು ಬೈದರು, ತುಮ್ಹೀ ಯೇಣಾರ ಮ್ಹಣೂನ, ನೀವು ಬರುವವರಿದ್ದೀರಿ ಎಂದು, ಅನ್ನುತ್ತಾ ಅವರು ಡಬ್ಬಿಯಿಂದ ಒಂದು ಪೇಡೆ ಎತ್ತಿದರು, ಬೀಗಿತ್ತಿಯ ಬಾಯಿಗೆ ತಾವೇ ಇಡಬೇಕು, ಅದು ಇಲ್ಲಿಯ ಪದ್ಧತಿ, ಬೆರಳು ಹತ್ತಿರ ಬಂತು, ಬಿಳಿಚಿಹೋಗಿದೆ, ನೀರಲ್ಲಿ ಬಹಳ ಹೊತ್ತು ನೆನೆದು ಸುಕ್ಕಾದ ಹಾಗೆ, ತುದಿಯಲ್ಲಿ ಚರ್ಮ ಸುಲಿದು ಒಳಗಿನ ಕೆಂಪು ಕಾಣುತ್ತಿದೆ, ನಾನು ಬರುತ್ತೇನೆಂದು, ನಾನು ಬಂದು ಫರಸಿಯ ಸಂದು ನೋಡುತ್ತೇನೆಂದು ಅವರಿಗೆ ಮೊದಲೇ ಗೊತ್ತಿತ್ತು, ಬಾಯಿ ತೆಗೆಯಬೇಕು, ತೆಗಿ ಭಾನುಮತಿ, ದವಡೆ ಬಿಡುತ್ತಿಲ್ಲ, ನಾಚಿಕೆಗೆ ಬಿಡುತ್ತಿಲ್ಲ, ಇವರಿಗೆ ಅದು ಹೇಗೆ ತಿಳಿಯಬೇಕು, ಇವರ ಕೈಯಿಂದ ತಿನ್ನಲಾರಳು ಎಂದಲ್ಲವೇ ಕಾಣುವುದು, ಪಂಚಶೀಲಾತಾಯಿಯ ನಗು ಸ್ವಲ್ಪ ಸ್ವಲ್ಪವಾಗಿ ನಿಲ್ಲುತ್ತಿದೆ, ಮಾನ್ಯಾ ನನ್ನ ತುಟಿಯನ್ನೇ ನೋಡುತ್ತಿದ್ದಾಳೆ, ಹಾಗಲ್ಲ ಮಗಳೇ, ಹಾಗಲ್ಲ, ಬೆರಳು ಇನ್ನೂ ಅಲ್ಲೇ ಇದೆ, ಹಿಂದಕ್ಕೆ ಹೋಗುತ್ತಿಲ್ಲ, ಕಾಯುತ್ತಿದೆ, ಬಿಳಿಚಿದ ಬೆರಳು, ತುದಿ ಸುಲಿದ ಬೆರಳು, ನನ್ನ ಮುಚ್ಚಿದ ಬಾಯಿಯ ಮುಂದೆ, ಬಿಳಿಚಿದ ಬೆರಳು